ಟವೆಲ್ ಕೆಳಗಿನ ಆಟ

ಹುಡುಗಿಯರ ತಂಡ ಬೇರೆ ಊರಿಗೆ ಆಡಲು ಹೋದರೆ ಜೊತೆಯಲ್ಲಿ ಹೆಂಗಸೊಬ್ಬಳು ಇರಲೇಬೇಕು ಎಂಬುದು ನಮ್ಮ ಕಾಲೇಜಿನ ನಿಯಮ. ಪಾಠ ಮಾಡುವವರನ್ನು ಕಳಿಸಿದರೆ ತರಗತಿ ತಪ್ಪುತ್ತದೆ; ಲೈಬ್ರರಿಗೆ ಒಂದು ದಿನ ಬೀಗ ಹಾಕಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಮುಳಬಾಗಿಲಿನ ಆ ಕಾಲೇಜಿನಲ್ಲಿ ಪುಸ್ತಕ ಕೊಟ್ಟು ಪುಸ್ತಕ ತೆಗೆದುಕೊಳ್ಳುವ ಕೆಲಸದ ನಾನು, ಬಾಸ್ಕೆಟ್‌ಬಾಲ್ ಎಂದರೆ ಚೆಂಡನ್ನು ರಿಂಗಿಗೆ ಹಾಕುವುದು ಎನ್ನುವುದರ ಆಚೆ ಏನೂ ತಿಳಿಯದವಳು, ಆ ತಂಡದ ಹಿಂದೆ ವರ್ಷಗಟ್ಟಲೆ ಓಡಾಡಿದೆ. ಸೂಜಿದಾರ, ಪಿನ್ನು, ಗ್ಲೂಕೋಸ್ ಪುಡಿ, ಮನೆಯಲ್ಲಿ ಕಲಸಿದ ಚಿತ್ರಾನ್ನದ ಡಬ್ಬಿ ಇಷ್ಟು ನನ್ನ ಚೀಲದಲ್ಲಿರುತ್ತಿದ್ದವು. ಬೆಂಚಿನ ತುದಿ ನನ್ನ ಜಾಗ. ಅಲ್ಲಿಂದ ಆಟಕ್ಕಿಂತ ಚೆನ್ನಾಗಿ ಕಾಣುತ್ತಿದ್ದದ್ದು ಆಡಿಸುವ ಮನುಷ್ಯ.

ದೈಹಿಕ ಶಿಕ್ಷಣ ನೋಡಿಕೊಳ್ಳುವವರನ್ನು ಕಾಲೇಜುಗಳಲ್ಲಿ ಪಿ.ಡಿ. ಸಾರ್ ಎನ್ನುತ್ತಾರೆ. ನಮ್ಮ ಪಿ.ಡಿ. ಸಾರ್ ಐವತ್ತು ದಾಟಿದ, ಮೊಣಕಾಲು ನೋವಿನ, ದಪ್ಪ ಮೈಯಿನ ಮನುಷ್ಯ. ಬೇರೆ ಕಾಲೇಜುಗಳ ಕೋಚ್‌ಗಳು ಗೆರೆಯುದ್ದಕ್ಕೂ ಓಡಾಡುತ್ತ ಗಂಟಲು ಹರಿದುಕೊಳ್ಳುವಾಗ ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ನೋಡುತ್ತಿದ್ದರು. ಪಂದ್ಯಕ್ಕೆ ಮುಂಚೆ ನಮ್ಮ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುವುದನ್ನು ನೋಡುತ್ತಿರಲಿಲ್ಲ. ಎದುರು ತಂಡದವರ ಕಾಲುಗಳನ್ನು ನೋಡುತ್ತಿದ್ದರು. ಯಾರು ಯಾವ ಕಾಲಿನ ಮೇಲೆ ಭಾರ ಹಾಕುತ್ತಾರೆ, ಯಾರ ಶೂ ಹೊಸದು, ಯಾರು ಹಿಮ್ಮಡಿ ಎತ್ತಲು ಸೋಮಾರಿ. ನಾನೂ ಕ್ರಮೇಣ ಅದನ್ನೇ ನೋಡಲು ಕಲಿತೆ. ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಜನರ ಕಾಲು ನೋಡುವ ಚಾಳಿ ಹೋಗಿಲ್ಲ.

ನಮ್ಮ ಕಡೆ ಹೈಸ್ಕೂಲುಗಳಲ್ಲಿ ಬಾಸ್ಕೆಟ್‌ಬಾಲ್ ಅಂಗಳ ಎಲ್ಲಿರುತ್ತದೆ? ಹಾಗಾಗಿ ಅವರು ಖೋ ಖೋ ಆಡಿ ಬಂದ ಹುಡುಗಿಯರನ್ನು ಹುಡುಕಿ ಎಳೆದು ತರುತ್ತಿದ್ದರು. ಎಲ್ಲರೂ ಗಿಡ್ಡ. ಆದರೆ ಬಗ್ಗಿ ಓಡುವುದು, ಓಡುತ್ತಿದ್ದ ಹಾಗೇ ತಟಕ್ಕನೆ ತಿರುಗುವುದು ಅವರ ಮೈಯಲ್ಲೇ ಇತ್ತು. ಮೊದಮೊದಲು ಕೈಗೆ ಚೆಂಡನ್ನೇ ಕೊಡುತ್ತಿರಲಿಲ್ಲ. ಮಂಡಿ ಬಗ್ಗಿಸಿ, ಎರಡೂ ಕೈ ಅಗಲಿಸಿ, ಪಕ್ಕಕ್ಕೆ ಪಕ್ಕಕ್ಕೆ ಸರಿಯುವುದೊಂದೇ ಕೆಲಸ.

"ಏನ್ ಸಾರ್ ಇದು, ನೋಡ್ದೋರು ಕೋಳಿ ಓಡಿಸ್ತವ್ರೆ ಅಂತಾರೆ," ಎಂದು ಒಬ್ಬಳು ಗೊಣಗಿದರೆ, ಅವರು ಕುರ್ಚಿಯಿಂದಲೇ, "ಮೊದ್ಲು ಕೋಳಿ ಓಡ್ಸೋದು ಕಲ್ತ್ಕೊಳ್ಳಮ್ಮ. ಚೆಂಡು ಎಲ್ಲೂ ಓಡೋಗಲ್ಲ," ಎನ್ನುತ್ತಿದ್ದರು.

ಚೆಂಡು ಕೈಗೆ ಬಂದ ಮೇಲೂ ಅವರ ಪಾಠ ಒಂದೇ: ಕಾಯಿರಿ. ಚೆಂಡು ಸಿಕ್ಕಿದ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಅದನ್ನು ರಿಂಗಿನತ್ತ ಎಸೆಯಬೇಕು ಎಂಬುದು ಆಟದ ಕಟ್ಟಳೆ. ಎಲ್ಲರೂ ಅದರ ಅರ್ಧದೊಳಗೆ ಎಸೆದು ಮುಗಿಸುತ್ತಾರೆ. ನಮ್ಮವರು ಕೊನೆಯವರೆಗೂ ಇಟ್ಟುಕೊಳ್ಳುತ್ತಿದ್ದರು. ಇವಳಿಂದ ಅವಳಿಗೆ, ಅವಳಿಂದ ಇವಳಿಗೆ, ಅಳಿಗುಳಿಮಣೆಯಲ್ಲಿ ಹುಣಸೆಬೀಜ ದಾಟಿಸಿದ ಹಾಗೆ. ಎದುರಿನ ಎತ್ತರದ ಹುಡುಗಿಯರಿಗೆ ರೇಗಿಹೋಗುತ್ತಿತ್ತು. ರೇಗಿ ಮುಂದೆ ಬಂದರೆ ಅವರ ಹಿಂದೆ ಜಾಗ ಖಾಲಿ. ನೋಡುವವರಿಗೂ ಬೇಸರ. "ಏಯ್, ಅಜ್ಜಿ ತಂಡ!" ಎಂದು ಕೂಗುತ್ತಿದ್ದರು. ಚಂದದ ಆಟವಲ್ಲ, ನಿಜ. ಗೆಲ್ಲುವ ಆಟ.

ಇನ್ನು ಟವೆಲ್ಲಿನ ವಿಷಯ.

ಮಾಲೂರಿನಲ್ಲಿ ಒಂದು ಪಂದ್ಯ. ಟೈಮ್‌ಔಟ್ ತೆಗೆದುಕೊಂಡಾಗ ಸಾರ್ ಮುಂದಿನ ನಡೆಯನ್ನು ತೆಲುಗಿನಲ್ಲಿ ಹೇಳಿದರು, ಎದುರಿನವರಿಗೆ ತಿಳಿಯದಿರಲಿ ಎಂದು. ಬೇರೆ ಜಿಲ್ಲೆಯಲ್ಲಾಗಿದ್ದರೆ ನಡೆಯುತ್ತಿತ್ತೇನೋ. ನಮ್ಮ ಬೆಂಚಿನ ಹಿಂದೆ ನೀರು ಕುಡಿಯುತ್ತ ನಿಂತಿದ್ದ ಎದುರು ಕಾಲೇಜಿನ ಹುಡುಗಿ, "ಅಲಾಗೇ ಸಾರ್, ಹಂಗೇ ಮಾಡ್ತೀವಿ ಸಾರ್!" ಎಂದು ಕೈಮುಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಸಾರ್ ಕೂಡ. ಕೋಲಾರ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಎಲ್ಲರ ಕಿವಿಗೂ ಬೀಳುತ್ತವೆ. ಗುಟ್ಟು ಹೇಳಲು ಭಾಷೆಯೇ ಇಲ್ಲ. ಆ ಪಂದ್ಯ ಸೋತೆವು.

ಅದಾದ ಮೇಲಿನ ಪಂದ್ಯದಲ್ಲಿ ಟೈಮ್‌ಔಟ್ ಬಂದಾಗ ಸಾರ್ ಬಾಯಿ ತೆರೆಯಲಿಲ್ಲ. ಚೆಂಡು ನಡೆಸುವ ಹುಡುಗಿಯನ್ನು ಪಕ್ಕಕ್ಕೆ ಕರೆದರು, ಹೆಗಲ ಟವೆಲ್ಲನ್ನು ಅವಳ ಬಲಗೈ ಮೇಲೆ ಹೊದಿಸಿದರು, ತಮ್ಮ ಕೈಯನ್ನೂ ಅದರ ಕೆಳಗೆ ತೂರಿಸಿದರು. ಒಂದು ಗಳಿಗೆ ಅಷ್ಟೇ. ಅವಳು ತಲೆಯಾಡಿಸಿ ಅಂಗಳಕ್ಕೆ ಹೋದಳು.

ವಾಪಸು ಬರುವಾಗ ಟೆಂಪೋದಲ್ಲಿ ಕೇಳಿದೆ: "ಏನ್ ಸಾರ್ ಅದು, ಗಿಳಿಶಾಸ್ತ್ರಾನಾ?"

"ನಮ್ಮನೆ ವಿದ್ಯೆ ಮೇಡಂ," ಎಂದರು. ಅವರ ತಂದೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿ. ಅಲ್ಲಿ ಹಣ್ಣಿನ ರಾಶಿಯ ಮುಂದೆ ಕೊಳ್ಳುವವನೂ ಮಾರುವವನೂ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರಂತೆ. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಇಬ್ಬರಿಗೇ. ಇವರು ಅದನ್ನು ಆಟಕ್ಕೆ ತಂದಿದ್ದರು. ತೋರುಬೆರಳು ಒತ್ತಿದರೆ ಎಲ್ಲರೂ ಅವರವರ ಜಾಗ ಕಾಯಬೇಕು. ಎರಡು ಬೆರಳು ಹಿಡಿದರೆ ಒಬ್ಬೊಬ್ಬರು ಎದುರಿನ ಒಬ್ಬೊಬ್ಬರ ಬೆನ್ನು ಹತ್ತಬೇಕು. ಹೆಬ್ಬೆರಳು ಎಂದರೆ ಇನ್ನೂ ನಿಧಾನ.

"ಆಮೇಲಾದ್ರೂ ಹೇಳ್ತಾರಾ, ಎಷ್ಟಕ್ಕೆ ಕುದುರ್ತು ಅಂತ?"

"ಸತ್ರೂ ಹೇಳಲ್ಲ. ಹೇಳಿದ್ರೆ ಅವನ ಟವೆಲ್ ಕೆಳಗೆ ಇನ್ನೊಬ್ಬ ಕೈ ಹಾಕ್ತಾನಾ?"

ಆವತ್ತು ಸಾರ್ ಟವೆಲ್ ಹೊದಿಸಿದ ಕೈ ಬೈರಕೂರಿನ ಕಡೆಯ ಹುಡುಗಿಯದು. ಬಿ.ಕಾಂ. ಓದುತ್ತಿದ್ದಳು. ಮನೆಯಲ್ಲಿ ಮಾವಿನ ತೋಪು, ಸ್ವಲ್ಪ ಟೊಮ್ಯಾಟೊ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಆಡಿ, ಒಂದು ತರಗತಿ ಮುಗಿಸಿ, ಲೈಬ್ರರಿಗೆ ಬಂದು ಪತ್ರಿಕೆಗಳ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದಳು. ನಾನು ಸ್ವಲ್ಪ ಹೊತ್ತು ಬಿಟ್ಟು, "ಏಳೇ, ಕೆನ್ನೆ ಮೇಲೆ ಸಂಪಾದಕೀಯ ಅಚ್ಚಾಗ್ತದೆ," ಎಂದು ಎಬ್ಬಿಸುತ್ತಿದ್ದೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬಹುದು ಎಂಬುದು ಅವಳ ಆಸೆ. ಅದಕ್ಕೆ ಮೊದಲು ಆಯ್ಕೆ ಶಿಬಿರಕ್ಕೆ ಕರೆ ಬರಬೇಕು. ನಮ್ಮ ಕಾಲೇಜಿನಿಂದ ಅಲ್ಲಿಗೆ ಯಾರೂ ಹೋದದ್ದಿರಲಿಲ್ಲ.

ಕೋಲಾರದಲ್ಲಿ ನಡೆದ ಅಂತಿಮ ಪಂದ್ಯಕ್ಕೆ ಆಯ್ಕೆ ಮಾಡುವವರೂ ಬಂದು ಕೂತಿದ್ದರು. ಕೊನೆಯ ಹೊತ್ತಿಗೆ ನಾವು ಒಂದು ಅಂಕ ಹಿಂದಿದ್ದೆವು. ಚೆಂಡು ನಮ್ಮದು. ಸಾರ್ ಟೈಮ್‌ಔಟ್ ಕೇಳಿದರು. ಮಿಕ್ಕ ಹುಡುಗಿಯರು ನೀರಿನ ಬಾಟಲಿಗೆ ಮುಗಿಬಿದ್ದರು. ಒಬ್ಬಳ ಜೆರ್ಸಿಯ ಹೆಗಲು ಹರಿದಿತ್ತು, ನಾನು ಬಗ್ಗಿ ಪಿನ್ನು ಹಾಕುತ್ತಿದ್ದೆ. ಸಾರ್ ಮತ್ತು ಬೈರಕೂರಿನ ಹುಡುಗಿ ಟವೆಲ್ ಹೊದ್ದ ಕೈಗಳೊಂದಿಗೆ ಬೆಂಚಿನ ಆ ತುದಿಯಲ್ಲಿ ನಿಂತಿದ್ದರು. ಆವತ್ತು ಎಂದಿಗಿಂತ ಹೆಚ್ಚು ಹೊತ್ತಾಯಿತು. ರೆಫರಿ ಸೀಟಿ ಊದುವವರೆಗೂ ಟವೆಲ್ ಸರಿಯಲಿಲ್ಲ.

ಎಲ್ಲರೂ ಅಜ್ಜಿ ಆಟವನ್ನೇ ಕಾಯುತ್ತಿದ್ದರು. ಎದುರಿನವರೂ ಮೈ ಸಡಿಲ ಬಿಟ್ಟು ನಿಂತಿದ್ದರು. ಅವಳು ಚೆಂಡು ಕೈಗೆ ಬಂದ ಕೂಡಲೇ ಯಾರಿಗೂ ಕೊಡದೆ, ಖೋ ಸಿಕ್ಕವಳ ಹಾಗೆ ಇಬ್ಬರ ನಡುವೆ ನುಗ್ಗಿ, ರಿಂಗಿನ ಕೆಳಗೆ ಹೋಗಿ ಹಾಕಿಬಿಟ್ಟಳು. ಗೆದ್ದೆವು. ಆಯ್ಕೆಗಾರರೊಬ್ಬರು ಅವಳ ಹೆಸರು ಕೇಳಿ ಬರೆದುಕೊಂಡರು. ಮುಳಬಾಗಿಲು ಮುಟ್ಟುವವರೆಗೂ ಟೆಂಪೋದಲ್ಲಿ ಹುಡುಗಿಯರು ಸೀಟಿನ ಮೇಲೆ ನಿಂತೇ ಇದ್ದರು. ಅವಳೊಬ್ಬಳು ಕಿಟಕಿಗೆ ಒರಗಿ ಸುಮ್ಮನೆ ಕೂತಿದ್ದಳು, ತನ್ನ ಅಂಗೈ ನೋಡಿಕೊಳ್ಳುತ್ತ.

ವಾರ ಕಳೆದಿರಲಿಲ್ಲ. ನನ್ನ ನಾದಿನಿ ಮೊಬೈಲಿಗೆ ಒಂದು ವಿಡಿಯೋ ಕಳಿಸಿ, "ಅತ್ತಿಗೆ, ಇದು ನಿಮ್ ಕಾಲೇಜಾ?" ಎಂದು ಕೇಳಿದಳು.

ಜನ ಕೂತಿದ್ದ ಮೆಟ್ಟಿಲುಗಳಿಂದ ಯಾರೋ ಹಿಡಿದದ್ದು. ಆಟ ಇಲ್ಲ, ಗೆಲುವು ಇಲ್ಲ. ಟವೆಲ್ ಕೆಳಗೆ ಕೈ ಹಿಡಿದು ನಿಂತ ಗಂಡಸು ಮತ್ತು ಹುಡುಗಿ, ಅಷ್ಟೇ. ಹಿನ್ನೆಲೆಗೆ ಒಂದು ಪ್ರೇಮಗೀತೆ ಅಂಟಿಸಿದ್ದರು. ಅಂಚಿನಲ್ಲಿ ನಾನೂ ಇದ್ದೆ, ತಲೆ ತಗ್ಗಿಸಿಕೊಂಡು. ಪಿನ್ನು ಕಾಣುತ್ತಿರಲಿಲ್ಲ. ಅದರ ಕೆಳಗೆ ಒಬ್ಬ ಬರೆದಿದ್ದ: 'ಕಾವಲಿಗೆ ಹೋದ ಯಮ್ಮ ನೋಡ್ರೋ, ನೆಲ ನೋಡ್ತವ್ಳೆ.'

ಎರಡೇ ದಿನಕ್ಕೆ ಕಾಲೇಜಿನ ಪ್ರತಿ ಮೊಬೈಲಿನಲ್ಲೂ ಅದಿತ್ತು. ಹುಡುಗರು ಕಾರಿಡಾರಿನಲ್ಲಿ ಒಬ್ಬರ ಕೈಗೊಬ್ಬರು ಕರ್ಚೀಫು ಹೊದಿಸಿ, "ಲೇ, ಏನ್ಲಾ ಅಂದ್ರು ಸಾರು?" ಎಂದು ಆಡಿಕೊಳ್ಳುತ್ತಿದ್ದರು. ಬೈರಕೂರಿನ ಹುಡುಗಿ ಮೂರನೆಯ ದಿನದಿಂದ ಬರಲಿಲ್ಲ. ಪತ್ರಿಕೆಯ ಮೇಜು ಖಾಲಿ ಇರುವುದನ್ನು ನೋಡಿಯೇ ನನಗೆ ತಿಳಿಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಪ್ರಿನ್ಸಿಪಾಲರು, ಇಬ್ಬರು ಹಿರಿಯ ಅಧ್ಯಾಪಕರು, ಸಾಕ್ಷಿಯಾಗಿ ನಾನು. ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಇಷ್ಟು ವರ್ಷ ಎಲ್ಲರ ಎದುರಿಗೇ ನಡೆದದ್ದು, ಹಗಲು ಹೊತ್ತು, ಬೆರಳ ಲೆಕ್ಕ. ಒಬ್ಬರು ಅಧ್ಯಾಪಕರು ಸಾರ್ ಕಡೆ ತಿರುಗಿ, "ಬಾಯಲ್ಲೇ ಹೇಳ್ಬಹುದಾಗಿತ್ತಲ್ವೇನ್ರೀ?" ಎಂದರು.

ಸಾರ್ ಮಾಲೂರಿನ ಕತೆ ಹೇಳಿದರು, ಮಂಡಿಯ ಕತೆ ಹೇಳಿದರು. ಪ್ರಿನ್ಸಿಪಾಲರು ಒಳ್ಳೆಯವರೇ. ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಎಲ್ಲಿ, ನನಗೆ ಮಾಡಿ ತೋರಿಸಿ," ಎಂದು ಕೈ ಚಾಚಿದರು. ಸಾರ್ ಟವೆಲ್ ಹೊದಿಸಿ ಬೆರಳು ಒತ್ತಿದರು. ನಾವೆಲ್ಲ ಆ ಬಟ್ಟೆಯನ್ನೇ ನೋಡುತ್ತ ಕೂತೆವು. ಪ್ರಿನ್ಸಿಪಾಲರು ತಡಬಡಿಸಿ ಕೈ ಎಳೆದುಕೊಂಡರು. "ಏನ್ರೀ ಇದು, ಏನೂ ಗೊತ್ತಾಗಲ್ಲ."

"ಗೊತ್ತಾಗ್ಬಾರ್ದು ಅಂತಾನೇ ಸಾರ್."

ಬೇರೆ ಯಾವತ್ತಾದರೂ ಆಗಿದ್ದರೆ ನಗು ಬರುತ್ತಿತ್ತು.

"ಆಯ್ತು. ಆವತ್ತು ಅಷ್ಟು ಹೊತ್ತು ಹಿಡಿದಿದ್ರಲ್ಲ, ಆಗ ಏನು ಹೇಳಿದ್ರಿ? ಅದೊಂದು ಹೇಳಿಬಿಡಿ, ಬರ್ಕೊಂಡು ಮುಗಿಸ್ತೀನಿ," ಎಂದರು ಪ್ರಿನ್ಸಿಪಾಲರು. ಅವರು ಒಂದು ಬೆರಳಿನ ಮಾತು ಕೇಳುತ್ತಿದ್ದರು. ತೋರುಬೆರಳೋ ಹೆಬ್ಬೆರಳೋ, ಯಾವುದು ಹೇಳಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು.

ಸಾರ್ ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಅದು ನನಗೂ ಆ ಹುಡುಗಿಗೂ ಬಿಟ್ಟಿದ್ದು ಸಾರ್," ಎಂದರು.

ಅಧ್ಯಾಪಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಎದ್ದು ಹೋಗಿ ಆ ಮನುಷ್ಯನ ಬಾಯಿ ಮುಚ್ಚಬೇಕೆನಿಸಿತು. ಮಂಡಿಯಲ್ಲಿ ಕಲಿತ ಮರ್ಯಾದೆಯನ್ನು ಅಂತಹ ಕೋಣೆಯಲ್ಲಿ ಹೇಳಿದರೆ ಏನಾಗಿ ಕೇಳಿಸುತ್ತದೆ ಎಂಬ ಅಳತೆ ಅವರಿಗೆ ಸಿಗಲಿಲ್ಲ. ಎದುರಿನವರ ಹಿಮ್ಮಡಿ ನೋಡಿ ಮನಸ್ಸು ಹೇಳುತ್ತಿದ್ದವರಿಗೆ ಮೇಜಿನ ಆಚೆ ಕೂತವರ ಮುಖ ಓದಲು ಬರಲಿಲ್ಲ. ಹೊರಗೆ ಬಂದ ಮೇಲೆ, "ಏನ್ ಸಾರ್ ಹಂಗಂದ್ಬಿಟ್ರಿ?" ಎಂದು ಜಗಳವನ್ನೇ ಆಡಿದೆ. "ಹೇಳಿದ್ರೂ ಅವರು ನಂಬ್ತಿರ್ಲಿಲ್ಲ ಮೇಡಂ," ಎಂದರು.

ಹುಡುಗಿಯನ್ನು ವಿಚಾರಣೆಗೆ ಕರೆಯಲೇ ಇಲ್ಲ. ಅವಳ ಹೆಸರು ಕೆಡಬಾರದು ಎಂದು ಎಲ್ಲರೂ ಒಪ್ಪಿದರು.

ತಪ್ಪೇನೂ ಕಂಡುಬಂದಿಲ್ಲ, ಆದರೂ ಇನ್ನು ಮುಂದೆ ಹುಡುಗಿಯರ ತಂಡಗಳನ್ನು ನೋಡಿಕೊಳ್ಳುವುದು ಬೇಡ ಎಂದು ಬರೆದು ಮುಗಿಸಿದರು. ತಪ್ಪಿಲ್ಲ ಎಂಬ ಅರ್ಧವನ್ನು ಯಾರೂ ಓದಲಿಲ್ಲ. ಸಾರ್ ತಾವೇ ವರ್ಗಾವಣೆ ಕೇಳಿ, ಅದು ಬರುವವರೆಗೆ ರಜೆ ಹಾಕಿ ಶ್ರೀನಿವಾಸಪುರಕ್ಕೆ ಹೊರಟುಹೋದರು. ತಂಡಕ್ಕೆ ಬಂದ ಹೊಸಬರು ಎಲ್ಲವನ್ನೂ ಕೂಗಿ ಹೇಳುತ್ತಿದ್ದರು.

ಇದರ ಮಧ್ಯೆ ಆಯ್ಕೆ ಶಿಬಿರಕ್ಕೆ ಬೈರಕೂರಿನ ಹುಡುಗಿಗೆ ಕರೆ ಬಂತು. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಪ್ರಿನ್ಸಿಪಾಲರು, "ನೀವೊಂದ್ಸಲ ಹೋಗಿ ಬನ್ನಿ, ಹೆಂಗಸರು ಹೇಳಿದ್ರೆ ಕೇಳ್ಬಹುದು," ಎಂದರು. ಲೈಬ್ರರಿಗೆ ಬೀಗ ಹಾಕಿ ಹೊರಟೆ.

ಅವಳ ತಂದೆ ಮನೆಯ ಮುಂದೆ ಟೊಮ್ಯಾಟೊ ಕ್ರೇಟುಗಳನ್ನು ತೊಳೆಯುತ್ತಿದ್ದರು. ಕೈ ಒರೆಸಿಕೊಂಡು, ಜಗಲಿಯ ಮೇಲೆ ಚಾಪೆ ಹಾಸಿ, "ಕುತ್ಕಳ್ಳಿ ಮೇಡಂ. ಬಿಸಿಲಲ್ಲಿ ಬಂದಿದೀರ," ಎಂದರು. ಅವಳ ತಾಯಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ನಾನು ಮಂಡಿಯ ಕತೆಯನ್ನು ಆರಂಭಿಸಿದೆ; ಸಾರ್ ಪ್ರಿನ್ಸಿಪಾಲರಿಗೆ ಹೇಳಿದ ಹಾಗೆ, ಬಿಡಿಸಿ ಬಿಡಿಸಿ. ಅವರು ಅರ್ಧಕ್ಕೇ ಕೈಯೆತ್ತಿದರು.

"ಟವೆಲ್ ವಿಷ್ಯ ನನಗೆ ಹೇಳಿಕೊಡ್ತೀರಾ ಮೇಡಂ? ನಮ್ಮಪ್ಪ ನನ್ನ ಬೆರಳು ಹಿಡ್ಕೊಂಡು ಕಲಿಸಿದ್ದು ಅದೇ ಕದಾ. ವಿಡಿಯೋ ನೋಡಿದ ತಕ್ಷಣ ನನಗೆ ಗೊತ್ತಾಯ್ತು, ಆ ವಯ್ಯ ಮಂಡಿಯೋನು ಅಂತ."

"ಮತ್ತೆ? ಗೊತ್ತಿದ್ಮೇಲೆ ಕಳಿಸಿಕೊಡಿ."

"ನನಗೆ ಗೊತ್ತು. ಊರಿಗೆ?" ಅವರು ಧ್ವನಿ ಏರಿಸಲಿಲ್ಲ. "ಅದು ಗಂಡಸ್ರ ಕೈ ಮೇಡಂ. ಇವಳ ತಾಯಿ ನನ್ನ ಜೊತೆಗೇ ಹಣ್ಣು ಕಿತ್ತು, ಮಂಡಿಗೂ ಬಂದವಳೆ. ಒಂದ್ ದಿನ ಟವೆಲ್ ಕೆಳಗೆ ಕೈ ಹಾಕವಳಾ ಕೇಳಿ. ಆ ಸಾರ್‌ಗೆ ವಿದ್ಯೆ ನೆನಪಿತ್ತು, ಅದ್ಯಾರ ಕೈ ಅನ್ನೋದು ಮರ್ತೋಯ್ತು. ನಮ್ಮಣ್ಣನ ಮನೆಯವರು ವಿಡಿಯೋ ನೋಡವ್ರೆ, ಇವಳ ಅಕ್ಕನ ಅತ್ತೆ ನೋಡವ್ಳೆ. ನಾನು ಒಬ್ಬೊಬ್ರ ಮನೆಗೂ ಹೋಗಿ, ಅಯ್ಯಾ ಇದು ಮಂಡಿ ಲೆಕ್ಕ ಅಂತ ಹೇಳ್ಲಾ?"

ಆಗ ಬಾಗಿಲಲ್ಲಿ ಹುಡುಗಿ ಬಂದು ನಿಂತಳು. ಕೂದಲು ಕಟ್ಟಿರಲಿಲ್ಲ. ನನ್ನತ್ತ ನೋಡಲಿಲ್ಲ, ತಂದೆಗೇ ಹೇಳಿದಳು: "ಆವತ್ತು ಸಾರ್ ಏನ್ ಹೇಳಿದ್ರು ಅಂತ ಎಲ್ರೂ ಕೇಳ್ತಾರೆ. ನನ್ನ ಒಬ್ರೂ ಕೇಳ್ಲಿಲ್ಲ."

"ಒಳಗ್ ಹೋಗಮ್ಮ."

"ಏನೂ ಹೇಳ್ಲಿಲ್ಲಪ್ಪ. ಒಂದ್ ಬೆರಳೂ ಒತ್ಲಿಲ್ಲ. ನಾನು ಕಾಯ್ತಾ ಇದ್ದೆ, ಹೆಬ್ಬೆರಳು ಹಿಡೀತಾರೆ ಅಂತ. ಸೀಟಿ ಊದೋ ಹೊತ್ಗೆ ಅಂಗೈ ಅಗಲ ಬಿಡಿಸಿ, ನನ್ನ ಕೈ ಮೇಲೆ ಸುಮ್ನೆ ಇಟ್ಟು ತೆಗೆದ್ರು."

ತಂದೆ ಕೂತಲ್ಲೇ ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಗುಚಿದರು. ಅದೇನು ಎಂದು ನಾನು ಕೇಳಿದೆ. ಮಂಡಿಯಲ್ಲಿ ದಲ್ಲಾಳಿ ಹಾಗೆ ಅಂಗೈ ಬಿಡಿಸಿ ಇಟ್ಟರೆ, ನನ್ನದೇನೂ ಇಲ್ಲ, ಬೆಲೆ ನೀನೇ ಹೇಳು ಎಂದರ್ಥ, ಎಂದರು. "ಎಲ್ರಿಗೂ ಇಡಲ್ಲ ಮೇಡಂ ಹಂಗೆ. ನನ್ನ ಕೈ ಮೇಲೆ ಯಾರೂ ಇಟ್ಟಿಲ್ಲ ಇವತ್ತಿನವರೆಗೂ."

ಅಷ್ಟು ಹೊತ್ತು ಟವೆಲ್ ಕೆಳಗೆ ಆ ಮನುಷ್ಯ ಏನು ಮಾಡುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ತಾವು ಹೇಳಬೇಕೋ ಬಿಡಬೇಕೋ ಎಂದು ತೂಗುತ್ತಿದ್ದರು. ವಿಚಾರಣೆಯಲ್ಲಿ ಅವರು, 'ಏನೂ ಹೇಳಲಿಲ್ಲ, ಸುಮ್ಮನೆ ಕೈ ಇಟ್ಟೆ' ಎಂದು ನಿಜ ನುಡಿದಿದ್ದರೆ ಅದನ್ನು ಹೇಗೆ ಬರೆದುಕೊಳ್ಳುತ್ತಿದ್ದರೋ.

ತಂದೆ ಕ್ರೇಟುಗಳ ಕಡೆ ನೋಡಿದರು. ಮಗಳು ಬಾಗಿಲು ಬಿಟ್ಟು ಕದಲಲಿಲ್ಲ. ಒಪ್ಪುತ್ತಾರೆ ಎಂದೇ ನಾನು ಅಂದುಕೊಂಡೆ. ಎದ್ದವರು ಪಂಚೆ ಸರಿಮಾಡಿಕೊಂಡು, "ಪರೀಕ್ಷೆ ಬರೀಲಿ. ಅವರ ಚಿಕ್ಕಪ್ಪ ಕರ್ಕೊಂಡ್ ಬಂದು ಕರ್ಕೊಂಡ್ ಹೋಗ್ತಾನೆ. ಆಟದ ಮಾತು ಬೇಡ ಮೇಡಂ. ಇವಳಪ್ಪ ಆಗಿ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ," ಎಂದರು. ಮಗಳು ಒಳಗೆ ಹೋದಳು.

ನಾನು ರಸ್ತೆಗೆ ಬಂದು ಬಸ್ಸಿಗೆ ನಿಂತಿದ್ದಾಗ ಅವಳು ಪ್ಲಾಸ್ಟಿಕ್ ಕವರೊಂದನ್ನು ಹಿಡಿದು ಹಿಂದೆಯೇ ಬಂದಳು. ಕಾಲೇಜಿನ ಜೆರ್ಸಿ, ಶಾರ್ಟ್ಸು. ಒಗೆದು, ಮಡಿಸಿ, ಮಡಿಕೆಗಳ ಮೇಲೆ ಏನೋ ಭಾರವಿಟ್ಟ ಹಾಗೆ ನೀಟಾಗಿತ್ತು.

"ಇದು ವಾಪಸ್ ಕೊಡ್ಬೇಕಲ್ಲ ಮೇಡಂ."

"ಇಟ್ಕೊಳ್ಳೇ, ಯಾರ್ ಕೇಳ್ತಾರೆ."

"ಇಲ್ಲ ಮೇಡಂ, ತಂಡದಲ್ಲಿ ಒಂದು ಕಮ್ಮಿ ಆಗ್ತದೆ. ನನ್ನ ಜಾಗಕ್ಕೆ ಫಸ್ಟ್ ಇಯರಿನ ಆ ಸಣ್ಣವಳನ್ನ ಹಾಕಿದಾರಂತೆ ಕದಾ. ಅವಳಿಗೆ ದೊಡ್ಡದಾಗ್ತದೆ ಇದು. ತೋಳಿನ ಕೆಳಗೆ ಎರಡೂ ಕಡೆ ಹಿಡಿದು ಹೊಲಿಗೆ ಹಾಕ್ಕೊಡಿ ಮೇಡಂ. ಪಿನ್ನು ಹಾಕ್ಬೇಡಿ, ಕೈ ಎತ್ತಿದ್ರೆ ಚುಚ್ತದೆ."

ಬಸ್ಸು ಬಂತು. ಹತ್ತಿ ಕೂತು ತಿರುಗಿ ನೋಡುವಷ್ಟರಲ್ಲಿ ಅವಳು ಮನೆಯ ದಾರಿ ಹಿಡಿದಿದ್ದಳು. ಆವತ್ತು ಸಂಜೆ ಅಡಿಗೆ ಕೆಲಸ ಮುಗಿಸಿ, ಅವಳು ಹೇಳಿದ ಹಾಗೇ ಎರಡೂ ಕಡೆ ಹಿಡಿದು ಹೊಲಿದೆ.